ಶಾಖದ ಲೆಕ್ಕ: ಪರ್ತ್, ಬ್ರಿಸ್ಬೇನ್, ಅಡಿಲೇಡ್ ನಗರಗಳಲ್ಲಿ ಉಷ್ಣಚಿಕಿತ್ಸೆ ನಡೆದುಬಂದ ದಾರಿ

ನೋವಿಗೆ ಶಾಖ ಕೊಡುವುದು ನಮ್ಮವರಿಗೆ ಹೊಸದೇನಲ್ಲ. ಮಂಡಿ ನೋವಿಗೆ ಎಕ್ಕದ ಎಲೆಯನ್ನು ಬೆಚ್ಚಗೆ ಮಾಡಿ ಕಟ್ಟುವುದು, ಸೊಂಟ ಹಿಡಿದರೆ ಬಿಸಿ ಉಪ್ಪಿನ ಗಂಟು ಒತ್ತುವುದು ನಮ್ಮ ಊರಿನ ಮನೆಗಳಲ್ಲೆಲ್ಲ ಕಂಡದ್ದೇ. ಸುಶ್ರುತ ಸಂಹಿತೆಯಲ್ಲಿ ಅಗ್ನಿಕರ್ಮಕ್ಕೆಂದೇ ಒಂದು ಅಧ್ಯಾಯವಿದೆ. ಇದೇ ನಂಬಿಕೆ ದಾರಿ ತಪ್ಪಿದಾಗ ಕಾಮಾಲೆಯಾದ ಹಸುಗೂಸಿಗೆ ಬರೆ ಹಾಕಿದ್ದೂ ಉಂಟು. ಶಾಖ ಗುಣವನ್ನೂ ಮಾಡಬಲ್ಲುದು, ಗಾಯವನ್ನೂ ಮಾಡಬಲ್ಲುದು. ಎಲ್ಲಿ, ಎಷ್ಟು, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೆ ಅದು ಚಿಕಿತ್ಸೆ, ಗೊತ್ತಿಲ್ಲದಿದ್ದರೆ ಬರೆ.

ಕ್ಯಾನ್ಸರ್ ರೋಗಕ್ಕೆ ಶಾಖದ ಚಿಕಿತ್ಸೆ ಕೊಡುವ ವಿಷಯದಲ್ಲಿ ಈ ಮೂರು ಪ್ರಶ್ನೆಗಳನ್ನು ವೈದ್ಯರೂ ಎಂಜಿನಿಯರರೂ ನೂರೈವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಆ ಕಥೆಯ ಕೆಲವು ಪುಟಗಳು ನಾವು ನೆಲೆಸಿರುವ ಪರ್ತ್, ಬ್ರಿಸ್ಬೇನ್, ಅಡಿಲೇಡ್ ನಗರಗಳಲ್ಲೇ ಬರೆಯಲ್ಪಟ್ಟಿವೆ. ಇದನ್ನು ಸದಸ್ಯರ ಮುಂದಿಡಲು ಒಂದು ಕಾರಣವಿದೆ. ಒಂದು ಕುಟುಂಬದಲ್ಲಿ ಯಾರಿಗಾದರೂ ಈ ರೋಗವೆಂದು ತಿಳಿದ ಕೂಡಲೇ ಊರಿನಿಂದಲೂ ಇಲ್ಲಿಂದಲೂ ಸಲಹೆಗಳು ಬರತೊಡಗುತ್ತವೆ. ಅವುಗಳಲ್ಲಿ ‘ಅಲ್ಲೊಂದು ಶಾಖದ ಯಂತ್ರವಿದೆಯಂತೆ, ಅದರಿಂದ ವಾಸಿಯಾಗುತ್ತದಂತೆ’ ಎಂಬುದೂ ಒಂದು. ಈ ‘ಅಂತೆ’ಯನ್ನು ತೂಗಿ ನೋಡುವುದು ಹೇಗೆ ಎಂಬುದು ತಿಳಿದಿದ್ದರೆ ಹಣವೂ ಉಳಿದೀತು, ಅದಕ್ಕಿಂತ ಅಮೂಲ್ಯವಾದ ಸಮಯವೂ ಉಳಿದೀತು.

ಜ್ವರದಿಂದ ಆರಂಭ

1866ರಲ್ಲಿ ಜರ್ಮನಿಯ ಬುಷ್ ಎಂಬ ಶಸ್ತ್ರವೈದ್ಯರು ಒಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿದರು. ಮುಖದ ಮೇಲೆ ಗಡ್ಡೆಯಿದ್ದ ಒಬ್ಬ ಹೆಂಗಸಿಗೆ ಚರ್ಮದ ಸೋಂಕು ತಗಲಿ ವಿಪರೀತ ಜ್ವರ ಬಂದಿತು. ಜ್ವರದ ನಂತರ ಗಡ್ಡೆ ಕರಗಿತು. 1890ರ ದಶಕದಲ್ಲಿ ನ್ಯೂಯಾರ್ಕಿನ ವಿಲಿಯಂ ಕೋಲಿ ಬೇಕೆಂದೇ ರೋಗಾಣುಗಳನ್ನು ಚುಚ್ಚಿ ಜ್ವರ ಬರಿಸಲು ಯತ್ನಿಸಿದರು. ವಿಯೆನ್ನಾದ ವಾಗ್ನರ್-ಯಾರೆಗ್ ಮಿದುಳಿಗೆ ಏರಿದ ಸಿಫಿಲಿಸ್ ರೋಗಕ್ಕೆ ಮಲೇರಿಯಾ ಜ್ವರವನ್ನೇ ಔಷಧವಾಗಿ ಬಳಸಿ 1927ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದರು. ಅಷ್ಟರಲ್ಲಿ ವಿದ್ಯುತ್ತಿನಿಂದ ಮೈಯೊಳಗೆ ಶಾಖ ಹುಟ್ಟಿಸುವ ಡಯಾಥರ್ಮಿ ಯಂತ್ರಗಳೂ ಬಂದಿದ್ದವು.

ಜ್ವರ ಇಡೀ ದೇಹವನ್ನು ಸುಡುತ್ತದೆ. ಗಡ್ಡೆಯೊಂದನ್ನೇ ಬಿಸಿ ಮಾಡಿ ಉಳಿದ ಅಂಗಗಳನ್ನು ತಣ್ಣಗೆ ಇಡಬೇಕೆಂಬುದು ಮುಂದಿನ ಹಂಬಲ. ಸುಮಾರು 43 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟರೆ ಕ್ಯಾನ್ಸರ್ ಕೋಶಗಳು ಸಾಯತೊಡಗುತ್ತವೆ, ಕಿರಣಚಿಕಿತ್ಸೆಗೂ ಹೆಚ್ಚು ಬಗ್ಗುತ್ತವೆ ಎಂಬುದು ಪ್ರಯೋಗಶಾಲೆಗಳಲ್ಲಿ ಕಂಡುಬಂದ ವಿಷಯ. ಇದಕ್ಕೆ 1984ರಲ್ಲಿ ಸಪಾರೆಟೊ ಮತ್ತು ಡ್ಯೂಯಿ ಎಂಬ ಅಮೆರಿಕದ ವಿಜ್ಞಾನಿಗಳು ಒಂದು ಸರಳ ಲೆಕ್ಕ ಕೊಟ್ಟರು. 43 ಡಿಗ್ರಿಯಿಂದ ಒಂದು ಡಿಗ್ರಿ ಮೇಲೇರಿದರೆ ಬೇಕಾಗುವ ಕಾಲ ಅರ್ಧಕ್ಕೆ ಇಳಿಯುತ್ತದೆ. 43ರಲ್ಲಿ 60 ನಿಮಿಷ ಬೇಕಾದದ್ದಕ್ಕೆ 44ರಲ್ಲಿ 30, 45ರಲ್ಲಿ 15 ನಿಮಿಷ ಸಾಕು. ಕೆಳಗಿಳಿದರೆ ಮಾತ್ರ ದಂಡ ಜೋರು: 42 ಡಿಗ್ರಿಗೆ ಅದೇ ಕೆಲಸಕ್ಕೆ 240 ನಿಮಿಷ, ಅಂದರೆ ನಾಲ್ಕು ಗಂಟೆ ಬೇಕು. ಒಂದೇ ಒಂದು ಡಿಗ್ರಿಯ ವ್ಯತ್ಯಾಸದಿಂದ ಒಂದು ಗಂಟೆಯ ಚಿಕಿತ್ಸೆ ಕಾಲುಭಾಗದಷ್ಟು ಮಾತ್ರ ಕೆಲಸ ಮಾಡಬಹುದು. ಮೇಲಿಂದ ಮುಟ್ಟಿ ನೋಡಿದರೆ ಗೊತ್ತಾಗುವ ಅಂತರ ಇದಲ್ಲ.

ಇದರ ಜೊತೆಗೆ ರಕ್ತದ ಸಮಸ್ಯೆ. ಬಿಸಿಯಾದ ಜಾಗಕ್ಕೆ ದೇಹ ಹೆಚ್ಚು ರಕ್ತ ಕಳಿಸಿ ಶಾಖವನ್ನು ಸಾಗಿಸಿಬಿಡುತ್ತದೆ. ಹರಿಯುವ ಹೊಳೆಯ ನೀರನ್ನು ಒಂದೇ ಕಡೆ ಕಾಯಿಸಲು ಹೊರಟಂತೆ ಇದು. ಒಳಗೆ ನಿಜವಾಗಿ ಎಷ್ಟು ಬಿಸಿಯಾಗಿದೆ ಎಂದು ಅಳೆಯಲು ಗಡ್ಡೆಯೊಳಕ್ಕೆ ಸೂಜಿಯಂಥ ತಾಪಮಾಪಕವನ್ನು ತೂರಿಸಬೇಕು. ಹಾಗೆ ತೂರಿಸಿದರೂ ನಾಲ್ಕಾರು ಬಿಂದುಗಳಷ್ಟೇ ತಿಳಿಯುತ್ತವೆ.

ಪರ್ತಿನ ಮೊದಲ ಅಧ್ಯಾಯ

ಪರ್ತ್ ನಗರದಲ್ಲಿ ಡಾ. ಜಾನ್ ಹೋಲ್ಟ್ ಎಂಬ ಕಿರಣಚಿಕಿತ್ಸಾ ತಜ್ಞರು 1970ರ ದಶಕದಲ್ಲಿ 434 ಮೆಗಾಹರ್ಟ್ಸ್ ರೇಡಿಯೋ ಅಲೆಗಳನ್ನು ಕ್ಯಾನ್ಸರ್ ರೋಗಿಗಳ ಮೇಲೆ ಬಳಸತೊಡಗಿದರು. ಆ ಅಲೆಗಳ ಉದ್ದ ಗಾಳಿಯಲ್ಲಿ ಸುಮಾರು 69 ಸೆಂಟಿಮೀಟರ್. ನೀರು ತುಂಬಿದ ಮಾಂಸಖಂಡದೊಳಗೆ ಅದು ಹತ್ತು ಸೆಂಟಿಮೀಟರಿಗಿಂತ ಕಡಿಮೆಗೆ ಕುಗ್ಗುತ್ತದೆ, ಶಕ್ತಿಯ ಬಹುಪಾಲು ಮೊದಲ ಕೆಲವು ಸೆಂಟಿಮೀಟರುಗಳಲ್ಲೇ ಇಂಗಿಹೋಗುತ್ತದೆ. ಹೋಲ್ಟ್ ಅವರು ಮುಂದೆ ತಮ್ಮ ಚಿಕಿತ್ಸೆಯ ಗುಣ ಬರಿಯ ಶಾಖದಿಂದ ಬರುವುದಲ್ಲವೆಂದು ವಾದಿಸಿದರು. ಗ್ಲೂಕೋಸ್ ಬಳಕೆಗೆ ಅಡ್ಡಿಪಡಿಸುವ ಔಷಧಗಳನ್ನೂ ಜೊತೆಗೆ ಕೊಟ್ಟರು. ಬೇರೆ ದಾರಿ ಮುಗಿದವೆಂದು ತಿಳಿದ ರೋಗಿಗಳು ದೂರದೂರದಿಂದ ಪರ್ತಿಗೆ ಬಂದರು. ಗುಣವಾಯಿತೆಂದು ಹೇಳಿದವರಿದ್ದರು; ವೈದ್ಯ ವೃತ್ತಿಯವರ ಅನುಮಾನವೂ ಕೊನೆಯವರೆಗೆ ಇತ್ತು.

ಈ ವಿವಾದ ದಶಕಗಳ ಕಾಲ ಎಳೆಯಿತು. 2004ರಲ್ಲಿ ದೂರದರ್ಶನದಲ್ಲಿ ಮತ್ತೆ ಸುದ್ದಿಯಾದ ಮೇಲೆ ಫೆಡರಲ್ ಆರೋಗ್ಯ ಸಚಿವರ ಕೋರಿಕೆಯಂತೆ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಪರಿಶೀಲನೆ ನಡೆಸಿತು. 2005ರಲ್ಲಿ ಬಂದ ಅದರ ವರದಿ, ಕ್ಯಾನ್ಸರಿಗೆ ಈ ಮೈಕ್ರೋವೇವ್ ಚಿಕಿತ್ಸೆಯನ್ನು ಬೆಂಬಲಿಸಲು ಆಧಾರ ಸಿಗಲಿಲ್ಲವೆಂದು ತೀರ್ಮಾನಿಸಿತು.

ಇದನ್ನು ಓದಿ ಯಾರನ್ನೋ ಹಳಿಯುವುದು ಸುಲಭ. ಅದರಿಂದ ಕಲಿಯಬೇಕಾದ ಪಾಠ ಬೇರೆ. ಮೂವತ್ತು ವರ್ಷ ಕಾಲ ಸಾವಿನೆದುರು ನಿಂತ ಜನ ಒಂದು ಯಂತ್ರದ ಮುಂದೆ ಸಾಲುಗಟ್ಟಿದರು. ಅದು ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಸಿಗಲು ಅಷ್ಟು ಕಾಲ ಹಿಡಿಯಿತು. ಮೊದಲೇ ಲೆಕ್ಕ ಹಾಕುವ ವಿಧಾನ, ಒಳಗಿನ ಶಾಖವನ್ನು ಅಳೆಯುವ ವಿಧಾನ, ಹೋಲಿಸಿ ನೋಡುವ ಪ್ರಯೋಗ, ಈ ಮೂರೂ ಒಟ್ಟಿಗೆ ಇಲ್ಲದೆ ಹೋದರೆ ಹೀಗೆಯೇ ಆಗುತ್ತದೆ.

ಸೋಲು ಒಂದು, ಗೆಲುವು ಒಂದು

ಹೋಲಿಕೆಯ ಪ್ರಯೋಗಗಳು ಬೇರೆ ದೇಶಗಳಲ್ಲಿ ನಡೆದವು. ಅಮೆರಿಕದಲ್ಲಿ 1980ರ ದಶಕದಲ್ಲಿ ಅನೇಕ ಆಸ್ಪತ್ರೆಗಳು ಸೇರಿ ಕಿರಣಚಿಕಿತ್ಸೆಯನ್ನು ಒಂಟಿಯಾಗಿಯೂ ಶಾಖದೊಡನೆಯೂ ಕೊಟ್ಟು ನೋಡಿದವು. ಒಟ್ಟಾರೆ ಲಾಭ ಕಾಣಲಿಲ್ಲ. ಆದರೆ ಒಳಹೊಕ್ಕು ನೋಡಿದಾಗ 3 ಸೆಂಟಿಮೀಟರಿಗಿಂತ ಸಣ್ಣ ಗಡ್ಡೆಗಳಲ್ಲಿ ಗುಣ ಕಂಡಿತ್ತು. ದೊಡ್ಡ ಗಡ್ಡೆಗಳನ್ನು ಆ ಯಂತ್ರಗಳು ಸರಿಯಾಗಿ ಬಿಸಿ ಮಾಡಿಯೇ ಇರಲಿಲ್ಲ. ಔಷಧವನ್ನು ಕುಡಿಸದೆ ಔಷಧ ಕೆಲಸ ಮಾಡಲಿಲ್ಲವೆಂದಂತೆ ಆಯಿತು.

ಹಾಲೆಂಡಿನವರು 1990ರಿಂದ 1996ರವರೆಗೆ 358 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಇದ್ದ 114 ಹೆಂಗಸರ ಪೈಕಿ, ಕಿರಣಚಿಕಿತ್ಸೆ ಮಾತ್ರ ಪಡೆದವರಲ್ಲಿ ಮೂರು ವರ್ಷಗಳ ನಂತರ ಬದುಕಿದ್ದವರು ಶೇಕಡ 27. ಶಾಖವನ್ನೂ ಪಡೆದವರಲ್ಲಿ ಶೇಕಡ 51. ಭಾರತದ ಹೆಂಗಸರನ್ನು ಬಹುಕಾಲದಿಂದ ಕಾಡಿದ ರೋಗ ಇದಾದ್ದರಿಂದ ಈ ಅಂಕಿಗಳು ನಮಗೆ ದೂರದವಲ್ಲ. ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. 1999ರಿಂದ ಈ ರೋಗಕ್ಕೆ ಕಿರಣದ ಜೊತೆ ಸಿಸ್‌ಪ್ಲಾಟಿನ್ ಔಷಧ ಕೊಡುವುದು ರೂಢಿಗೆ ಬಂತು. ಹಾಗಾಗಿ ಶಾಖವನ್ನು ಇನ್ನು ಮುಂದೆ ಆ ಹೊಸ ಚಿಕಿತ್ಸೆಯೊಡನೆ ಹೋಲಿಸಬೇಕು, ಹಳೆಯದರೊಡನೆ ಅಲ್ಲ.

ದೇಹದ ಜಮಾ-ಖರ್ಚು

ಒಳಗಿನ ಶಾಖವನ್ನು ಚುಚ್ಚದೆ ತಿಳಿಯುವ ದಾರಿಯನ್ನು ತೆರೆದವರು ಹ್ಯಾರಿ ಪೆನ್ನೆಸ್. ಅವರು ನ್ಯೂಯಾರ್ಕಿನಲ್ಲಿ ಮನುಷ್ಯರ ಮುಂಗೈಯೊಳಗೆ ಸಣ್ಣ ತಾಪಮಾಪಕಗಳನ್ನು ಹಾಯಿಸಿ ಅಳೆದು, 1948ರಲ್ಲಿ ಒಂದು ಸಮೀಕರಣ ಪ್ರಕಟಿಸಿದರು. ನಮ್ಮ ಸಂಘದ ಖಜಾಂಚಿಗಳಿಗೆ ಇದು ಸುಲಭವಾಗಿ ಅರ್ಥವಾದೀತು, ಏಕೆಂದರೆ ಇದೊಂದು ಜಮಾ-ಖರ್ಚಿನ ಪುಸ್ತಕ. ಯಂತ್ರ ಕೊಟ್ಟ ಶಾಖ ಜಮಾ. ಕೋಶಗಳು ತಾವೇ ಹುಟ್ಟಿಸುವ ಶಾಖವೂ ಜಮಾ. ಪಕ್ಕದ ಮಾಂಸಕ್ಕೆ ಹರಿದುಹೋದದ್ದು ಖರ್ಚು. ರಕ್ತ ಹೊತ್ತೊಯ್ದದ್ದು ದೊಡ್ಡ ಖರ್ಚು. ಉಳಿದದ್ದೇ ಆ ಜಾಗದ ತಾಪದ ಏರಿಕೆ. 1966ರಲ್ಲಿ ಕೇನ್ ಯೀ ಎಂಬ ಗಣಿತಜ್ಞರು ವಿದ್ಯುತ್ಕಾಂತ ಅಲೆಗಳನ್ನು ಸಣ್ಣ ಸಣ್ಣ ಚೌಕಗಳಲ್ಲಿ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ಉಪಾಯ ಕೊಟ್ಟರು. ಯೀ ಅವರ ಲೆಕ್ಕದಿಂದ ಯಂತ್ರ ಎಲ್ಲಿ ಎಷ್ಟು ಶಕ್ತಿ ಕೊಟ್ಟಿತೆಂದು ತಿಳಿಯುತ್ತದೆ. ಪೆನ್ನೆಸ್ ಅವರ ಲೆಕ್ಕದಿಂದ ಅದು ಎಷ್ಟು ತಾಪವಾಯಿತೆಂದು ತಿಳಿಯುತ್ತದೆ. ಇವೆರಡನ್ನೂ ಜೋಡಿಸಿ ಕಂಪ್ಯೂಟರಿನಲ್ಲಿ ಒಂದು ಸುಳ್ಳು ದೇಹ ಕಟ್ಟಿ ಅದಕ್ಕೆ ಚಿಕಿತ್ಸೆ ಕೊಟ್ಟು ನೋಡುವುದಕ್ಕೆ ಸಿಮ್ಯುಲೇಷನ್ ಎನ್ನುತ್ತಾರೆ. ಲೆಕ್ಕ ತಪ್ಪಿ ಆ ದೇಹ ಸುಟ್ಟರೆ ಯಾರಿಗೂ ನೋವಿಲ್ಲ.

ಸೂತ್ರ ಸಿಕ್ಕರೂ ಲೆಕ್ಕ ಮಾಡುವ ಯಂತ್ರ ಬೇಕಲ್ಲ! ನಮ್ಮ ಮೂರು ನಗರಗಳಿಗೆ ಗಣಕಯಂತ್ರ ಬಂದ ಕಾಲವನ್ನು ನೋಡಿ. ಅಡಿಲೇಡಿನ ಪಕ್ಕದ ಸಾಲಿಸ್‌ಬರಿಯಲ್ಲಿ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆಯವರ ‘ವ್ರೆಡಾಕ್’ 1950ರ ದಶಕದ ಮಧ್ಯದಲ್ಲಿ ಬಂತು. ಕ್ಷಿಪಣಿ ಪರೀಕ್ಷೆಗಳ ಲೆಕ್ಕ ಅದರ ಕೆಲಸ. ಅಡಿಲೇಡ್ ವಿಶ್ವವಿದ್ಯಾಲಯದವರು 1960ರ ದಶಕದ ಆರಂಭದಲ್ಲಿ ‘ಸಿರಸ್’ ಎಂಬ ಯಂತ್ರವನ್ನು ತಾವೇ ಕಟ್ಟಿದರು. 1962ರಲ್ಲಿ ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಜಿ.ಇ. 225 ಯಂತ್ರವೂ, ಪರ್ತಿನ ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾಲಯಕ್ಕೆ ಐ.ಬಿ.ಎಂ. 1620 ಯಂತ್ರವೂ ಬಂದವು. ಐ.ಬಿ.ಎಂ. 1620ರ ಮೂಲ ಮಾದರಿಯ ನೆನಪಿನಲ್ಲಿ ಹಿಡಿಯುತ್ತಿದ್ದದ್ದು 20,000 ಅಂಕಿಗಳು. ಈಗ ಲೆಕ್ಕ ಹಾಕಿ: 70 ಲೀಟರ್ ಗಾತ್ರದ ಒಬ್ಬ ಮನುಷ್ಯನನ್ನು 2 ಮಿಲಿಮೀಟರ್ ಅಂಚಿನ ಘನಗಳಾಗಿ ಸೀಳಿದರೆ ಸುಮಾರು 87 ಲಕ್ಷ ತುಂಡುಗಳಾಗುತ್ತವೆ. ಪ್ರತಿ ತುಂಡಿಗೂ ಅದು ಕೊಬ್ಬೋ ಮೂಳೆಯೋ ಮಾಂಸವೋ, ಅದರ ತಾಪವೆಷ್ಟು, ಅದರಲ್ಲಿ ರಕ್ತ ಎಷ್ಟು ಹರಿಯುತ್ತದೆ ಎಂದು ನೆನಪಿಡಬೇಕು. 1962ರ ಯಂತ್ರಕ್ಕೆ ಒಂದು ಹೆಬ್ಬೆರಳಿನಷ್ಟು ಗಾತ್ರದ ಲೆಕ್ಕವೂ ಭಾರವೇ. ಈ ಕೆಲಸ ಕೈಗೂಡಲು ಶತಮಾನದ ಕೊನೆಯವರೆಗೆ ಕಾಯಬೇಕಾಯಿತು.

ಪರ್ತಿನ ಎರಡನೆಯ ಅಧ್ಯಾಯ: ಕಬ್ಬಿಣದ ಮಣಿಗಳು

ಪರ್ತಿನ ಶಸ್ತ್ರವೈದ್ಯ ಪ್ರೊಫೆಸರ್ ಬ್ರೂಸ್ ಗ್ರೇ ಮತ್ತು ಅವರ ಸಹೋದ್ಯೋಗಿ ಸ್ಟೀಫನ್ ಜೋನ್ಸ್ ಹಿಡಿದ ದಾರಿ ಬೇರೆ. ನಮ್ಮ ಯಕೃತ್ತಿಗೆ, ಅಂದರೆ ಲಿವರಿಗೆ, ಎರಡು ಕಡೆಯಿಂದ ರಕ್ತ ಬರುತ್ತದೆ. ಆರೋಗ್ಯವಂತ ಭಾಗಕ್ಕೆ ಹೆಚ್ಚಿನ ಪಾಲು ಕರುಳಿನಿಂದ ಬರುವ ಅಭಿಧಮನಿಯಿಂದ. ಅಲ್ಲಿ ಬೆಳೆದ ಗಡ್ಡೆಗಳಿಗೆ ಬಹುಪಾಲು ಅಪಧಮನಿಯಿಂದ. ಆದುದರಿಂದ ಅಪಧಮನಿಯ ಮೂಲಕ ಏನನ್ನಾದರೂ ಕಳಿಸಿದರೆ ಅದು ಗಡ್ಡೆಗೇ ಹೆಚ್ಚಾಗಿ ಸೇರುತ್ತದೆ. ಈ ತತ್ತ್ವದಿಂದ ವಿಕಿರಣ ಸೂಸುವ ಯಿಟ್ರಿಯಂ-90 ತುಂಬಿದ ಅತಿ ಸಣ್ಣ ಮಣಿಗಳನ್ನು ಕಳಿಸುವ ಚಿಕಿತ್ಸೆ ಬೆಳೆಯಿತು; ‘ಸರ್-ಸ್ಫಿಯರ್ಸ್’ ಹೆಸರಿನ ಆ ಮಣಿಗಳಿಗೆ 2002ರಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು.

ಇದೇ ತಂಡದ ಇನ್ನೊಂದು ಯೋಚನೆ, ಆ ಮಣಿಗಳಲ್ಲಿ ವಿಕಿರಣದ ಬದಲು ಕಬ್ಬಿಣದ ಆಕ್ಸೈಡ್ ತುಂಬುವುದು. ಹೊರಗಿನಿಂದ ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ಕಾಂತಕ್ಷೇತ್ರ ಕೊಟ್ಟರೆ ಮಣಿಗಳು ಬಿಸಿಯಾಗುತ್ತವೆ, ಸುತ್ತಲಿನ ಗಡ್ಡೆ ಬೇಯುತ್ತದೆ. ಮೊಲಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಅವರು 2001 ಮತ್ತು 2002ರಲ್ಲಿ ಪ್ರಕಟಿಸಿದರು. ಶಾಖ ಗಡ್ಡೆಯ ಕಡೆಗೆ ಹೆಚ್ಚಾಗಿ ಹೋಯಿತು.

ಆದರೆ ಮೊಲದಿಂದ ಮನುಷ್ಯನಿಗೆ ಬರುವಾಗ ಒಂದು ತೊಡಕಿತ್ತು. ಮಣಿಗಳು ರವೆ ಉದುರಿಸಿದಂತೆ ಸಮವಾಗಿ ಹರಡುವುದಿಲ್ಲ. ಒಂದು ಕಡೆ ಗುಂಪುಗೂಡುತ್ತವೆ, ಇನ್ನೊಂದು ಕಡೆ ಖಾಲಿ ಬಿಡುತ್ತವೆ. ಖಾಲಿ ಬಿಟ್ಟ ಜಾಗದಲ್ಲಿ 43 ಡಿಗ್ರಿ ಆದೀತೇ? ಇದಕ್ಕೆ ಉತ್ತರ ಹುಡುಕಲು ಟ್ಸಾಫ್‌ನಾಟ್, ಲ್ಯಾಂಬರ್ಟ್, ಜೋನ್ಸ್ ಮೊದಲಾದವರು ಕಂಪ್ಯೂಟರಿನಲ್ಲಿ ಗಡ್ಡೆಯ ಮಾದರಿ ಕಟ್ಟಿ, ಮಣಿಗಳನ್ನು ಅಸಮವಾಗಿ ಹರಡಿ, ಬಿಂದು ಬಿಂದುವಿಗೂ ತಾಪವನ್ನು ಲೆಕ್ಕ ಹಾಕಿದರು. ಆ ಪ್ರಬಂಧ 2005ರಲ್ಲಿ ಹೊರಬಂತು. 434 ಮೆಗಾಹರ್ಟ್ಸ್ ಚಿಕಿತ್ಸೆಯ ಮೇಲಿನ ಸರ್ಕಾರಿ ವರದಿ ಬಂದದ್ದೂ ಅದೇ ವರ್ಷ. ಒಂದೇ ಊರಿನಲ್ಲಿ ಬೇರು ಬಿಟ್ಟ ಎರಡು ಕೆಲಸಗಳು: ಮೊದಲನೆಯದರಲ್ಲಿ ರೋಗಿಗಳ ನಂತರ ಪರಿಶೀಲನೆ ಬಂತು, ಎರಡನೆಯದರಲ್ಲಿ ಪ್ರಾಣಿಗಳ ಪ್ರಯೋಗವೂ ಲೆಕ್ಕವೂ ರೋಗಿಗಳಿಗಿಂತ ಮೊದಲು ಬಂದವು. ವಿಕಿರಣದ ಮಣಿಗಳು ಆಸ್ಪತ್ರೆಗಳನ್ನು ಮುಟ್ಟಿದಂತೆ ಕಾಂತದ ಮಣಿಗಳು ಮುಟ್ಟಲಿಲ್ಲವೆಂಬುದೂ ನಿಜ. ಅದರಿಂದ ಯಾವ ರೋಗಿಯೂ ಮೋಸಹೋಗಲಿಲ್ಲ.

ಬ್ರಿಸ್ಬೇನ್: ಅಲೆಗಳನ್ನು ಒಂದೆಡೆ ಕೂಡಿಸುವುದು

ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸ್ಟುವರ್ಟ್ ಕ್ರೋಜಿಯರ್ ಎಂ.ಆರ್.ಐ. ಯಂತ್ರಗಳ ವಿದ್ಯುತ್ಕಾಂತ ಲೆಕ್ಕಗಳಿಗೆ ಹೆಸರಾದವರು. ಎಂ.ಆರ್.ಐ. ಯಂತ್ರ ದೇಹವನ್ನು ಬಿಸಿ ಮಾಡಬಾರದು, ಶಾಖಯಂತ್ರ ಮಾಡಬೇಕು. ಲೆಕ್ಕ ಮಾತ್ರ ಒಂದೇ ಜಾತಿಯದು. ಅವರೂ ಅಮೀನ್ ಅಬ್ಬೋಷ್ ಹಾಗೂ ಫೋಂಗ್ ನ್ಗುಯೆನ್ ಅವರೂ ಸೇರಿ ಸ್ತನದ ಕ್ಯಾನ್ಸರಿಗೆ ಮೈಕ್ರೋವೇವ್ ಶಾಖ ಕೊಡುವ ಬಗೆಯನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಿದರು. ಅವರ ಪ್ರಬಂಧಗಳು 2015 ಮತ್ತು 2017ರಲ್ಲಿ ಬಂದವು.

ದೇವಸ್ಥಾನದ ಕಲ್ಯಾಣಿಯ ಸುತ್ತ ಹತ್ತಾರು ಜನ ನಿಂತು, ತಾಳ ಹಿಡಿದು, ಸರಿಯಾದ ಗಳಿಗೆಯಲ್ಲಿ ಕಲ್ಲು ಎಸೆದರೆ ಎಲ್ಲ ಅಲೆಗಳೂ ಒಂದು ಬಿಂದುವಿನಲ್ಲಿ ಕೂಡಿ ಎತ್ತರವಾಗಿ ಏಳುತ್ತವೆ. ಸ್ತನದ ಸುತ್ತ ಇಟ್ಟ ಸಣ್ಣ ಆಂಟೆನಾಗಳ ಕೆಲಸವೂ ಇದೇ. ತೊಂದರೆ ಎಲ್ಲಿ ಎಂದರೆ ಈ ಕಲ್ಯಾಣಿಯ ನೀರು ಒಂದೇ ಬಗೆಯದಲ್ಲ. ಕೊಬ್ಬಿನಲ್ಲಿ ನೀರಿನಂಶ ಕಡಿಮೆ, ಅಲೆ ಹೆಚ್ಚು ಇಂಗದೆ ದಾಟುತ್ತದೆ. ಹಾಲಿನ ಗ್ರಂಥಿಗಳಲ್ಲಿ ನೀರು ಹೆಚ್ಚು, ಗಡ್ಡೆಯಲ್ಲೂ ಹೆಚ್ಚು. ಗಡ್ಡೆಗೆಂದು ಕಳಿಸಿದ ಶಕ್ತಿಯನ್ನು ಗ್ರಂಥಿ ದಾರಿಯಲ್ಲೇ ಕುಡಿಯಬಹುದು. ಅದಕ್ಕಾಗಿ ನಿಜವಾದ ದೇಹರಚನೆಯನ್ನು ಹೋಲುವ ಮಾದರಿಗಳನ್ನು ಕಂಪ್ಯೂಟರಿನಲ್ಲಿ ಬಳಸಿ, ಪ್ರತಿ ಆಂಟೆನಾಕ್ಕೂ ಎಷ್ಟು ಬಲ, ಯಾವ ಗಳಿಗೆ ಎಂದು ಹುಡುಕಿದರು. ಹುಡುಕುವ ಕ್ರಮವೂ ಸ್ವಾರಸ್ಯವಾದುದು: ಕಾಳಿಗಾಗಿ ಹಾರಾಡುವ ಹಕ್ಕಿಗಳ ಹಿಂಡಿನಂತೆ ಅನೇಕ ಊಹೆಗಳನ್ನು ಒಟ್ಟಿಗೆ ಬಿಡುವುದು, ಒಂದಕ್ಕೆ ಒಳ್ಳೆಯ ಜಾಗ ಸಿಕ್ಕರೆ ಉಳಿದವು ಅತ್ತ ಸರಿಯುವುದು. ಶಕ್ತಿ ಒಂದೆಡೆ ಕೂಡಿದರೆ ಸಾಲದು, ರಕ್ತವೂ ಶಾಖದ ಹರಿವೂ ತಮ್ಮ ಪಾಲು ತೆಗೆದ ಮೇಲೆ ತಾಪವೂ ಅಲ್ಲೇ ನಿಲ್ಲಬೇಕು ಎಂಬುದನ್ನು ಅವರು ಲೆಕ್ಕಕ್ಕೆ ತಂದರು. ಇದೆಲ್ಲ ಕಂಪ್ಯೂಟರಿನ ಕೆಲಸ, ಆಸ್ಪತ್ರೆಯ ಚಿಕಿತ್ಸೆಯಲ್ಲ ಎಂಬುದನ್ನು ಓದುಗರು ನೆನಪಿಡಬೇಕು.

ಅಡಿಲೇಡ್: ಗಡ್ಡೆಯೊಳಗಿನ ಜನಗಣತಿ

ದೇಹದೊಳಗೆ ಕಾಣದ್ದನ್ನು ಲೆಕ್ಕದಿಂದ ತಿಳಿಯುವ ಪರಂಪರೆ ಅಡಿಲೇಡಿನಲ್ಲಿ ಹಳೆಯದು. 1886ರಲ್ಲಿ ಇಲ್ಲಿಗೆ ಬಂದ ವಿಲಿಯಂ ಬ್ರ್ಯಾಗ್ 1896ರಲ್ಲೇ ಎಕ್ಸ್-ಕಿರಣಗಳನ್ನು ತೋರಿಸಿದರು. 1904ರಲ್ಲಿ ಅವರು ಆಲ್ಫಾ ಕಣಗಳು ತಮ್ಮ ಶಕ್ತಿಯ ಹೆಚ್ಚಿನ ಪಾಲನ್ನು ದಾರಿಯ ಕೊನೆಯಲ್ಲಿ ಬಿಡುತ್ತವೆಂದು ಕಂಡುಕೊಂಡರು. ಇಂದಿನ ಪ್ರೋಟಾನ್ ಚಿಕಿತ್ಸೆ ನಿಂತಿರುವುದು ಇಂಥ ಗುಣದ ಮೇಲೆಯೇ.

2000ದ ನಂತರ ಅಡಿಲೇಡ್ ವಿಶ್ವವಿದ್ಯಾಲಯ ಮತ್ತು ರಾಯಲ್ ಅಡಿಲೇಡ್ ಆಸ್ಪತ್ರೆಯ ವಿಜ್ಞಾನಿಗಳು, ಲೊರೆದಾನ ಮಾರ್ಕು, ಎವಾ ಬೆಜಾಕ್ ಮೊದಲಾದವರು, ಕಂಪ್ಯೂಟರಿನಲ್ಲಿ ಗಡ್ಡೆಯನ್ನು ಕೋಶ ಕೋಶವಾಗಿ ಬೆಳೆಸಿ ನೋಡಿದರು. ಜನಗಣತಿಯಂತೆ ಪ್ರತಿ ಕೋಶದ ಹುಟ್ಟು, ವಿಭಜನೆ, ಸಾವು ಬರೆದಿಡುವ ಲೆಕ್ಕ ಇದು. ಕೆಲವು ಮಾದರಿಗಳಲ್ಲಿ ಆ ಕೋಶಕ್ಕೆ ಸಿಗುವ ಆಮ್ಲಜನಕವನ್ನೂ ಸೇರಿಸಿದರು. ಇದು ಕಿರಣದ ಲೆಕ್ಕ, ಶಾಖದ್ದಲ್ಲ. ಆದರೂ ನಮ್ಮ ಕಥೆಗೆ ಇದರ ನಂಟಿದೆ. ಆಮ್ಲಜನಕವಿಲ್ಲದ ಕೋಶಗಳನ್ನು ಕೊಲ್ಲಲು ಸುಮಾರು ಎರಡೂವರೆಯಿಂದ ಮೂರು ಪಟ್ಟು ಕಿರಣ ಬೇಕಾಗುತ್ತದೆ. ಗಡ್ಡೆ ಮತ್ತೆ ತಲೆಯೆತ್ತುವುದಕ್ಕೆ ಅವು ಒಂದು ಮುಖ್ಯ ಕಾರಣ. ರಕ್ತ ಸರಿಯಾಗಿ ಮುಟ್ಟದೆ ಹಸಿದು ಹುಳಿಯಾದ ಅದೇ ಮೂಲೆಗಳು ಶಾಖಕ್ಕೆ ಹೆಚ್ಚು ಬೇಗ ಸೋಲುತ್ತವೆ. ಕಿರಣ ಎಲ್ಲಿ ಸೋಲುತ್ತದೆಂದು ಇಂಥ ಲೆಕ್ಕ ತೋರಿಸಿದರೆ ಶಾಖ ಎಲ್ಲಿಗೆ ಹೋಗಬೇಕೆಂದೂ ತೋರಿಸಿದಂತಾಯಿತು.

ಲೆಕ್ಕಕ್ಕೂ ಮಿತಿಯಿದೆ

ಕಂಪ್ಯೂಟರ್ ಹೇಳಿತೆಂದರೆ ವೇದವಾಕ್ಯವಲ್ಲ. ಪೆನ್ನೆಸ್ ಅವರ ಸಮೀಕರಣ ದೊಡ್ಡ ರಕ್ತನಾಳದ ಪಕ್ಕದಲ್ಲಿ ತಪ್ಪುತ್ತದೆ. ನಿನ್ನೆ ಚಿತ್ರ ತೆಗೆದ ಹೊಟ್ಟೆ ಇಂದು ಅದೇ ಭಂಗಿಯಲ್ಲಿ ಇರುವುದಿಲ್ಲ. ಒಬ್ಬರ ರಕ್ತದ ಹರಿವು ಇನ್ನೊಬ್ಬರಂತಲ್ಲ. ಚಿಕಿತ್ಸೆಯ ನಡುವೆಯೇ ಅದು ಬದಲಾಗುತ್ತದೆ. ಹೀಗಾಗಿ ಒಳ್ಳೆಯ ಕೇಂದ್ರಗಳು ಮೊದಲು ಲೆಕ್ಕ ಹಾಕಿ, ಚಿಕಿತ್ಸೆಯ ವೇಳೆ ಅಳೆದು, ವ್ಯತ್ಯಾಸವನ್ನು ಲೆಕ್ಕಕ್ಕೆ ಮರಳಿಸುತ್ತವೆ.

ಯಾವುದೇ ಊರಿನಲ್ಲಿ ಯಾರಾದರೂ ಶಾಖದ ಚಿಕಿತ್ಸೆಯ ಮಾತೆತ್ತಿದರೆ ಸದಸ್ಯರು ಸಂಕೋಚವಿಲ್ಲದೆ ಕೇಳಬೇಕಾದ ಪ್ರಶ್ನೆಗಳನ್ನು ಈ ಇತಿಹಾಸವೇ ಬರೆದುಕೊಟ್ಟಿದೆ. ಗಡ್ಡೆಯೊಳಗೆ ಎಷ್ಟು ಡಿಗ್ರಿ, ಎಷ್ಟು ನಿಮಿಷ? ಅದನ್ನು ಹೇಗೆ ಅಳೆಯುತ್ತೀರಿ? ಚಿಕಿತ್ಸೆಗೆ ಮುಂಚೆ ಈ ರೋಗಿಯ ಚಿತ್ರಗಳಿಂದ ಲೆಕ್ಕ ಹಾಕಿದ್ದೀರಾ? ಕಿರಣ ಮತ್ತು ಔಷಧದ ಜೊತೆಗೆ ಕೊಡುತ್ತೀರೋ, ಅವನ್ನು ಬಿಡಿಸಿ ಕೊಡುತ್ತೀರೋ? ಇದೇ ರೋಗಕ್ಕೆ ಹೋಲಿಕೆಯ ಪ್ರಯೋಗ ನಡೆದಿದೆಯೇ, ಎಷ್ಟು ಜನರ ಮೇಲೆ? ಸರಿಯಾದ ಕೇಂದ್ರದವರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ, ಕಾಗದ ತೆಗೆದು ತೋರಿಸುತ್ತಾರೆ. ಉತ್ತರಕ್ಕೆ ಬದಲಾಗಿ ಗುಣವಾದವರ ಕಥೆಗಳನ್ನಷ್ಟೇ ಹೇಳಿದರೆ ಟಿಕೆಟ್ ಕಾದಿರಿಸುವ ಮುನ್ನ ನಿಮ್ಮ ಚಿಕಿತ್ಸಕ ವೈದ್ಯರೊಡನೆ ಕುಳಿತು ಮಾತನಾಡಿ. ಮನೆಯವರಲ್ಲಿ ಒಬ್ಬರು ಜೊತೆಗೆ ಹೋಗಿ, ವೈದ್ಯರು ಹೇಳಿದ್ದನ್ನು ಬರೆದುಕೊಳ್ಳಿ.